ಪ್ರಭುವಿನ ಕೋಪ, ಪ್ರಭುವಿನ ಮರುಕ



ಪರರ ಹಿತವನ್ನು ಬಯಸುವುದೇ ಪ್ರೀತಿಯೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಕೋಪ ಬಂದಾಗಲೂ ಈ ಹಿತಬಯಕೆ ಉಳಿಯಬಲ್ಲುದೇ? ಸಂತ ಮಾರ್ಕನ ಶುಭಸಂದೇಶದ 3ನೆಯ ಅಧ್ಯಾಯವು ಇದಕ್ಕೆ ಉತ್ತರವೀಯುತ್ತದೆ.

ಅಂದು ಸಬ್ಬತ್ ದಿನ. ಪ್ರಾರ್ಥನಾಮಂದಿರದಲ್ಲಿ ಕೈಬತ್ತಿದವನೊಬ್ಬನಿದ್ದನು. ಯೇಸುಸ್ವಾಮಿ ಅವನನ್ನು ಗುಣಪಡಿಸಿದರೆ ತಪ್ಪು ಹೊರಿಸಲು ಕೆಲವರು ಹೊಂಚುಹಾಕಿದ್ದರು. ಇಂದು ಒಳಿತನ್ನು ಮಾಡುವುದು ಧರ್ಮವೋ ಕೆಡುಕನ್ನೋ ಎಂದು ಪ್ರಭು ಕೇಳಿದಾಗ ಅವರು ಮೌನ ತಾಳಿದರು. ಪ್ರಭುವಿಗೆ ಕೋಪ ಬಂದಿತು. ಅದೇ ಕ್ಷಣದಲ್ಲಿ ಆ ಜನರ ಹೃದಯಕಾಠಿಣ್ಯಕ್ಕಾಗಿ ದುಃಖವೂ ಆಯಿತು. ಆ ಕೋಪದಿಂದ ಶಾಪ ಹೊರಡಲಿಲ್ಲ. ಬತ್ತಿದ ಕೈಗೆ ಜೀವ ಬಂದಿತು. ತಮ್ಮನ್ನು ತಿರಸ್ಕರಿಸಲಿದ್ದ ಜೆರುಸಲೇಮನ್ನು ಕಂಡು ಕಣ್ಣೀರಿಟ್ಟವರೂ ಇದೇ ಪ್ರಭು (ಲೂಕ 19:41).

ನಮ್ಮ ಕೋಪವಾದರೋ? ಗಡಿಯ ಕಲ್ಲಿಗಾಗಿ, ಮದುವೆಯ ಕರೆಯೋಲೆಗಾಗಿ ಹುಟ್ಟಿದ ಮುನಿಸನ್ನು ಆಸ್ತಿಯಂತೆ ಮಕ್ಕಳಿಗೂ ಬಿಟ್ಟುಹೋಗುತ್ತೇವೆ. ಒಂದೇ ಬಲಿಪೀಠದ ಮುಂದೆ ಮೊಣಕಾಲೂರಿ, ಹೊರಬಂದೊಡನೆ ಮುಖ ತಿರುಗಿಸುತ್ತೇವೆ. ಅನ್ಯಾಯವನ್ನು ಕಂಡು ಕೋಪಗೊಳ್ಳುವುದು ತಾನಾಗಿ ಪಾಪವಲ್ಲ. ಆದರೆ ಆ ಕೋಪಕ್ಕೊಂದು ಒರೆಗಲ್ಲಿದೆ: ತಪ್ಪಿದವನಿಗಾಗಿ ನಮ್ಮ ಮನ ಮರುಗುತ್ತದೆಯೇ? ಅವನು ಕೆಡಲೆಂದು ಬಯಸಿದರೆ ಅದು ದ್ವೇಷ. ಅವನು ತಿದ್ದಿಕೊಂಡು ಬಾಳಲೆಂದು ಬಯಸಿದರೆ ಅದು ಪ್ರೀತಿ.

ನೂರು ವರ್ಷ ತುಂಬಿದ ಈ ದೇವಾಲಯದ ಗೋಡೆಗಳಿಗೆ ನಾವೆಲ್ಲರೂ ಸೇರಿ ಸುಣ್ಣ ಬಳಿದಿದ್ದೇವೆ. ಮಾತುಬಿಟ್ಟ ಒಂದು ಮನೆಯ ಬಾಗಿಲನ್ನೂ ಈ ವಾರ ತಟ್ಟೋಣ. ಆಗ ನಮ್ಮ ಶತಮಾನೋತ್ಸವವು ಸಾರ್ಥಕವಾದೀತು. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.