ಮರಳಿನಂಗಳದಿಂದ ಒಲಿಂಪಿಕ್ ಅಂಗಳಕ್ಕೆ

(ಸಂಘದ ವಾರ್ಷಿಕ ಕ್ರೀಡಾಕೂಟದ ಸಮಾರೋಪದಲ್ಲಿ ಮಾಡಿದ ಭಾಷಣ)



ನಾಡು, ನುಡಿ, ಗಡಿ, ನದಿನೀರುಗಳ ಬಗ್ಗೆ ಮಾತು ಕೇಳಿ ಅಭ್ಯಾಸವಾಗಿರುವ ಈ ವೇದಿಕೆಯಲ್ಲಿ ಬೀಚ್ ವಾಲಿಬಾಲ್ ಕುರಿತು ಮಾತನಾಡಲು ನಾನು ಒಪ್ಪಿಕೊಂಡದ್ದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಂದು ಆಟವು ಹುಟ್ಟಿದ ನೆಲವನ್ನು ಬಿಟ್ಟು ಜಗತ್ತಿಗೆಲ್ಲ ಹರಡಿದಾಗ ಅದು ಯಾರ ಸ್ವತ್ತಾಗುತ್ತದೆ, ಅದರ ನಿಯಮಗಳನ್ನು ಬರೆಯುವ ಅಧಿಕಾರ ಯಾರ ಕೈ ಸೇರುತ್ತದೆ ಎಂಬುದು ಕೇವಲ ಆಟದ ಪ್ರಶ್ನೆಯಲ್ಲ. ಅದು ಸಂಸ್ಕೃತಿಯ ಪ್ರಶ್ನೆ. ಒಂದರ್ಥದಲ್ಲಿ ರಾಜಕಾರಣದ ಪ್ರಶ್ನೆಯೂ ಹೌದು.

ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಎಂಬ ಊರಿನ ವ್ಯಾಯಾಮ ಶಾಲೆಯಲ್ಲಿ. ಅದನ್ನು ರೂಪಿಸಿದವನು ವಿಲಿಯಂ ಮಾರ್ಗನ್. ಆ ಆಟ ಛಾವಣಿಯ ಕೆಳಗಿನಿಂದ ಕಡಲ ಬಯಲಿಗೆ ಬಂದದ್ದು 1915ರ ಸುಮಾರಿಗೆ. ಹವಾಯಿಯ ವೈಕಿಕಿ ತೀರದಲ್ಲಿದ್ದ ಔಟ್‌ರಿಗರ್ ಕನೂ ಕ್ಲಬ್ಬಿನ ಸದಸ್ಯರು ಹೊತ್ತು ಕಳೆಯಲೆಂದು ಮರಳಿನಲ್ಲಿ ಬಲೆ ಕಟ್ಟಿದರು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ತೀರದಲ್ಲಿ ಆಟ ಬೇರೂರಿತು. ಹಲವರು ಕೂಡಿ ಆಡುತ್ತಿದ್ದುದು 1930ರ ಸುಮಾರಿಗೆ ಅಲ್ಲಿಯೇ ಇಬ್ಬಿಬ್ಬರ ಆಟವಾಗಿ ಮಾರ್ಪಟ್ಟಿತು.

ಈ ಮಾರ್ಪಾಡಿನಲ್ಲಿಯೇ ಆಟದ ಸತ್ವವಿದೆ. ಒಳಾಂಗಣದಲ್ಲಿ ಆರು ಮಂದಿ. ಒಬ್ಬ ಸೋತರೆ ಬದಲಿಗೆ ಇನ್ನೊಬ್ಬನುಂಟು. ಮರಳಿನಲ್ಲಿ ಇಬ್ಬರೇ, ಬದಲಿ ಆಟಗಾರರಿಲ್ಲ. ಎತ್ತಿ ಕೊಡುವವನೂ ಅವನೇ, ಹೊಡೆಯುವವನೂ ಅವನೇ, ಬಿದ್ದು ಹಿಡಿಯುವವನೂ ಅವನೇ. ಕಾಲು ಹೂಳುವ ಮರಳಿನಲ್ಲಿ ನೆಗೆಯಬೇಕು. ಬಿಸಿಲೂ ಗಾಳಿಯೂ ಒಂದು ಪಕ್ಷಕ್ಕೆ ಮಾತ್ರ ಅನುಕೂಲವಾಗದಂತೆ ಏಳು ಅಂಕಗಳಿಗೊಮ್ಮೆ, ನಿರ್ಣಾಯಕ ಸೆಟ್ಟಿನಲ್ಲಿ ಐದು ಅಂಕಗಳಿಗೊಮ್ಮೆ, ಪಕ್ಕ ಬದಲಾಯಿಸುತ್ತಾರೆ. ಪ್ರಕೃತಿಯ ಪಕ್ಷಪಾತವನ್ನು ಸಮನಾಗಿ ಹಂಚಿಕೊಳ್ಳುವ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು.

ಬಹುಕಾಲ ಇದು ಹಣವಿಲ್ಲದ ಆಟವಾಗಿಯೇ ಉಳಿದಿತ್ತು. 1976ರಲ್ಲಿ ವಿಲ್ ರೋಜರ್ಸ್ ತೀರದಲ್ಲಿ 5,000 ಡಾಲರ್ ಬಹುಮಾನದ ಪಂದ್ಯಾವಳಿ ನಡೆದು, ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರೂ ಬಂತು. ಹಣ ಬಂದಲ್ಲಿ ಜಗಳವೂ ಬರುತ್ತದೆ. ಪಂದ್ಯಗಳನ್ನು ಏರ್ಪಡಿಸುವವರು ಆಟಗಾರರನ್ನು ಕೇಳದೆ ನಿರ್ಧಾರ ಕೈಗೊಳ್ಳುತ್ತಿದ್ದಾರೆಂಬ ಅಸಮಾಧಾನದಿಂದ 1983ರಲ್ಲಿ ಆಟಗಾರರು ತಮ್ಮದೇ ಸಂಘ ಕಟ್ಟಿಕೊಂಡರು. ಮರುವರ್ಷ ರೆಡೊಂಡೊ ತೀರದ ಪಂದ್ಯಾವಳಿಯಲ್ಲಿ ಮುಷ್ಕರ ಹೂಡಿದರು. ಆಮೇಲೆ ಕೆಲವು ವರ್ಷ ಅಮೆರಿಕದಲ್ಲಿ ಈ ಆಟವನ್ನು ಆಟಗಾರರೇ ನಡೆಸಿದರೆಂಬುದು ಕ್ರೀಡಾ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಅಷ್ಟರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ ಎಚ್ಚೆತ್ತುಕೊಂಡಿತ್ತು. 1987ರಲ್ಲಿ ರಿಯೋ ನಗರದ ಇಪನೆಮಾ ತೀರದಲ್ಲಿ ಅದರ ಮಾನ್ಯತೆಯ ಮೊದಲ ಪಂದ್ಯಾವಳಿ ನಡೆಯಿತು. 1993ರಲ್ಲಿ ಒಲಿಂಪಿಕ್ ಸಮಿತಿಯ ಒಪ್ಪಿಗೆ ದೊರೆತು, 1996ರ ಅಟ್ಲಾಂಟಾ ಕ್ರೀಡಾಕೂಟದಲ್ಲಿ ಆಟ ಒಲಿಂಪಿಕ್ ಪ್ರವೇಶ ಪಡೆಯಿತು. ಪಂದ್ಯಗಳು ನಡೆದ ಜೋನ್ಸ್‌ಬರೋ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಊರು! ಕಡಲಿಲ್ಲದಲ್ಲಿಗೆ ಮರಳನ್ನು ಒಯ್ದು ಆಡಿದರು. ಅರ್ಹತೆ ಪಡೆಯುವ ಮಾರ್ಗ ಯಾವುದಾಗಬೇಕೆಂಬ ಬಗ್ಗೆ ಆಟಗಾರರ ಸಂಘಕ್ಕೂ ಫೆಡರೇಷನ್ನಿಗೂ ನಡೆದಿದ್ದ ವಿವಾದದಲ್ಲಿ ಬೇರೆ ಬೇರೆ ಪಕ್ಷ ಹಿಡಿದಿದ್ದ ಇಬ್ಬರು ಹಳೆಯ ಜೊತೆಗಾರರು, ಕಾರ್ಚ್ ಕಿರಾಯ್ ಮತ್ತು ಸಿಂಜಿನ್ ಸ್ಮಿತ್, ಅಲ್ಲಿ ಎದುರುಬದುರಾದರು. ಗೆದ್ದ ಕಿರಾಯ್ ಮುಂದೆ ಕೆಂಟ್ ಸ್ಟೆಫೆಸ್ ಜೊತೆಗೂಡಿ ಚಿನ್ನ ಪಡೆದರು. 1984 ಮತ್ತು 1988ರಲ್ಲಿ ಒಳಾಂಗಣದ ಚಿನ್ನವನ್ನೂ ಗೆದ್ದಿದ್ದವರು ಅವರು.

ಮಹಿಳೆಯರ ಚಿನ್ನ ಬ್ರೆಜಿಲ್‌ನ ಜಾಕಿ ಸಿಲ್ವಾ ಮತ್ತು ಸಾಂಡ್ರಾ ಪೀರಿಸ್ ಪಾಲಾಯಿತು. ಆ ದೇಶದ ಮಹಿಳೆಯರಿಗೆ ಒಲಿಂಪಿಕ್ ಚಿನ್ನ ದೊರೆತದ್ದು ಅದೇ ಮೊದಲು. ಈ ಜಾಕಿ ಸಿಲ್ವಾ 1980ರ ದಶಕದಲ್ಲಿ, ಅಂಗಿಯ ಮೇಲಿನ ಜಾಹೀರಾತಿನ ಹಣದಲ್ಲಿ ಆಟಗಾರ್ತಿಯರಿಗೆ ಪಾಲಿಲ್ಲವೆಂದು, ಅಂಗಿಯನ್ನು ಒಳಹೊರಗು ಮಾಡಿ ತೊಟ್ಟು ಪ್ರತಿಭಟಿಸಿದವರು. ರಾಷ್ಟ್ರೀಯ ತಂಡದಿಂದ ಹೊರಬಿದ್ದು, ಪರದೇಶಕ್ಕೆ ಹೋಗಿ, ಅಲ್ಲಿನ ಮರಳಿನಲ್ಲಿ ಆಡಿ ಬದುಕು ಕಟ್ಟಿಕೊಂಡವರು. ಊರು ಬಿಟ್ಟು ಬಂದು ದುಡಿಯುತ್ತಿರುವ ನಮಗೆ ಆ ಹೆಣ್ಣುಮಗಳ ಛಲವನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಲಿಂಪಿಕ್ ಮನ್ನಣೆಯ ಜೊತೆಗೆ ದೂರದರ್ಶನದ ಹಿಡಿತವೂ ಬಿಗಿಯಾಯಿತು. 2001ರ ಸುಮಾರಿಗೆ ಅಂಗಳದ ಅಳತೆ 18 ಮೀಟರ್ ಉದ್ದ 9 ಮೀಟರ್ ಅಗಲದಿಂದ 16 ಮತ್ತು 8ಕ್ಕೆ ಇಳಿಯಿತು. ಸರ್ವ್ ಮಾಡಿದ ಪಕ್ಷಕ್ಕೆ ಮಾತ್ರ ಅಂಕವೆಂಬ ಹಳೆಯ ಪದ್ಧತಿ ಹೋಗಿ, ಪ್ರತಿ ಹೊಡೆದಾಟಕ್ಕೂ ಅಂಕ ಬಂತು. ಪಂದ್ಯ ಎಷ್ಟು ಹೊತ್ತು ನಡೆದೀತೆಂದು ಅಂದಾಜು ಮಾಡುವುದು ಸುಲಭವಾಯಿತು. ಇದರಿಂದ ಆಟ ಕೆಟ್ಟಿತೆಂದು ನಾನು ಹೇಳುವುದಿಲ್ಲ. ಆದರೆ ಉಡುಪಿನ ವಿಷಯದಲ್ಲಿ ನಡೆದದ್ದು ಬೇರೆ ಮಾತು. ಒಲಿಂಪಿಕ್ಸ್‌ನಲ್ಲಿ ಗಂಡಸರು ಚಡ್ಡಿ ಬನಿಯನ್ ತೊಟ್ಟು ಆಡುತ್ತಿದ್ದಾಗ, ಹೆಂಗಸರು ಬಿಕಿನಿ ಇಲ್ಲವೇ ಒಂದೇ ತುಂಡಿನ ಈಜುಡುಗೆ ಧರಿಸಬೇಕಾಗಿತ್ತು. 2012ರಲ್ಲಿ, ಲಂಡನ್ ಕ್ರೀಡಾಕೂಟಕ್ಕೆ ಮುನ್ನ, ಚಡ್ಡಿಗೂ ತೋಳಿನ ಅಂಗಿಗೂ ಅವಕಾಶ ದೊರೆಯಿತು. 2016ರಲ್ಲಿ ಕೊಪಕಬಾನಾ ತೀರದಲ್ಲಿ ಈಜಿಪ್ಟಿನ ದುವಾ ಎಲ್‌ಘೊಬಾಶಿ ತಲೆವಸ್ತ್ರ ಧರಿಸಿ ಜರ್ಮನಿಯ ಜೋಡಿಯೆದುರು ಆಡಿದರು. ಯಾವ ಉಡುಪು ಹೆಚ್ಚು ಸಭ್ಯ ಎಂಬ ಚರ್ಚೆಗೆ ನಾನು ಇಳಿಯಲಾರೆ. ಏನನ್ನು ಉಡಬೇಕೆಂದು ಆಡುವವಳೇ ನಿರ್ಧರಿಸಲಿ ಎಂಬುದಷ್ಟೇ ನನ್ನ ನಿಲುವು. ಬಲವಂತವಾಗಿ ಬಿಚ್ಚಿಸುವುದೂ ಬಲವಂತವಾಗಿ ಹೊದಿಸುವುದೂ ಒಂದೇ ದರ್ಪದ ಎರಡು ರೂಪಗಳು.

ಲಾಭದ ಮಗ್ಗುಲನ್ನೂ ನೋಡಬೇಕು. ಇಬ್ಬರೇ ಸಾಕಾದ್ದರಿಂದ ಚಿಕ್ಕ ದೇಶಗಳಿಗೂ ಬಾಗಿಲು ತೆರೆಯಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಅದು ನಡೆದದ್ದು 2021ರಲ್ಲಿ, ಪುರುಷರ ಚಿನ್ನ ನಾರ್ವೆಗೆ, ಕಂಚು ಕತಾರಿಗೆ. 2024ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಬುಡದಲ್ಲಿ ಚಿನ್ನ ಗೆದ್ದದ್ದು ಸ್ವೀಡನ್. ಚಳಿನಾಡುಗಳಿಗೆ ಇದು ಸಾಧ್ಯವಾಗಿರುವಾಗ, ಕಾರವಾರದಿಂದ ಉಳ್ಳಾಲದವರೆಗೆ ಸುಮಾರು 300 ಕಿಲೋಮೀಟರ್ ಕಡಲಂಚಿರುವ ನಮ್ಮ ನಾಡು ಈ ಆಟವನ್ನು ಪ್ರವಾಸಿಗರ ವಿನೋದವೆಂದು ಬಗೆದು ಸುಮ್ಮನಿರಬೇಕೆ? 2025ರ ಮೇ ತಿಂಗಳಲ್ಲಿ ದಿಯುವಿನಲ್ಲಿ ನಡೆದ ಮೊದಲ ಖೇಲೋ ಇಂಡಿಯಾ ಬೀಚ್ ಗೇಮ್ಸ್‌ನಲ್ಲಿ ಬೀಚ್ ವಾಲಿಬಾಲ್ ಸೇರಿತ್ತು. ಇದು ಒಳ್ಳೆಯ ಆರಂಭ.

ಸಂಘದವರಲ್ಲಿ ನನ್ನದೊಂದು ವಿನಂತಿ. ನಾವೂ ನಮ್ಮ ನುಡಿಯನ್ನು, ಹಬ್ಬವನ್ನು, ಯಕ್ಷಗಾನವನ್ನು ಕಡಲಿಲ್ಲದ ಊರಿಗೆ ಮರಳು ಹೊತ್ತಂತೆ ಹೊತ್ತು ತಂದವರು. ತಂದು ಹಾಕಿದರೆ ಸಾಲದು. ಅದರ ಮೇಲೆ ಆಡುವವರು ಬೇಕು. ಆಡುವವರು ಉಳಿಯಬೇಕಾದರೆ ನಿಯಮ ಬರೆಯುವಲ್ಲಿ ಅವರಿಗೂ ಮಾತಿರಬೇಕು. ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಈ ಊರಲ್ಲೇ ಹುಟ್ಟಿ ಬೆಳೆದ ತರುಣರೆಷ್ಟು, ಹೆಣ್ಣುಮಕ್ಕಳೆಷ್ಟು? ಮುಂದಿನ ವರ್ಷದ ಕ್ರೀಡಾಕೂಟವನ್ನು ಅವರ ಕೈಗೇ ಒಪ್ಪಿಸಿ ನೋಡೋಣ. ತಪ್ಪಿದರೆ ತಿದ್ದಿಕೊಳ್ಳುವ ವಯಸ್ಸು ಅವರದು.