‘ಎನ್ನಲಾಗಿದೆ’: ಅಂದವರು ಯಾರು?

(ಮೈಸೂರಿನ ಓದುಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ವದಂತಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. 2018ರ ಜುಲೈನಲ್ಲಿ ವದಂತಿ ಜೀವವನ್ನೇ ತೆಗೆಯಿತು. ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಯುವಕರನ್ನು ಮಕ್ಕಳ ಕಳ್ಳರೆಂದು ಶಂಕಿಸಿದರು. ಅವರ ಕಾರು ಮುರ್ಕಿ ಗ್ರಾಮ ತಲುಪುವ ಮೊದಲೇ ವಾಟ್ಸಾಪ್ ಸಂದೇಶ ತಲುಪಿತ್ತು. ಜನ ರಸ್ತೆ ಅಡ್ಡಗಟ್ಟಿದ್ದರು. ಒಬ್ಬ ಯುವಕ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು.

ಮೊಬೈಲನ್ನು ಬೈಯುವುದು ಸುಲಭ. ನಮ್ಮ ಪತ್ರಿಕೆಗಳ ‘ಎನ್ನಲಾಗಿದೆ’ ಏನು ಕಡಿಮೆಯೇ? ಯಾರು ಅಂದರು, ಯಾರು ನೋಡಿದರು, ಠಾಣೆಯಲ್ಲಿ ವಿಚಾರಿಸಿದಿರಾ? ಎಲ್ಲದಕ್ಕೂ ಆ ಒಂದು ಪದ ತೆರೆ ಎಳೆಯುತ್ತದೆ. ಕೋಮಿನ ಹೆಸರಿರುವ ಸುದ್ದಿಯಲ್ಲಂತೂ ಅದು ಕಿಡಿಯೇ. ನಾಳೆ ಮೈಸೂರಿನ ಯಾವುದೋ ಮೊಹಲ್ಲಾದ ಬಗ್ಗೆ ಅಂಥ ಸಾಲು ಕಂಡರೆ ನಮ್ಮ ಕಚೇರಿಗೆ ಫೋನು ಮಾಡಿ, ಅಂದವರು ಯಾರೆಂದು ಕೇಳಿ.