ಕಸೂತಿಯಿಂದ ಕಸಿಯವರೆಗೆ

1894ರ ಜೂನ್ 24. ಫ್ರಾನ್ಸಿನ ಲಿಯೋನ್ ನಗರಕ್ಕೆ ಬಂದಿದ್ದ ಅಧ್ಯಕ್ಷ ಸಾದಿ ಕಾರ್ನೊ ಅವರಿಗೆ ಒಬ್ಬ ಚೂರಿ ಹಾಕಿದ. ಯಕೃತ್ತಿಗೆ, ಅಂದರೆ ಲಿವರಿಗೆ, ರಕ್ತ ಒಯ್ಯುವ ಪೋರ್ಟಲ್ ನಾಳ ಸೀಳಿಹೋಯಿತು. ವೈದ್ಯರಿದ್ದರು, ಆದರೆ ಹರಿದ ನಾಳವನ್ನು ಹೊಲಿಯುವ ಬಗೆ ಅವರಿಗೆ ತಿಳಿದಿರಲಿಲ್ಲ. ನಡುರಾತ್ರಿ ದಾಟುತ್ತಲೇ ಕಾರ್ನೊ ತೀರಿಕೊಂಡರು.

ಅದೇ ಊರಿನ ವೈದ್ಯಕೀಯ ವಿದ್ಯಾರ್ಥಿ ಅಲೆಕ್ಸಿಸ್ ಕ್ಯಾರೆಲ್ ಅವರನ್ನು ಈ ಸಾವು ಕೊರೆಯಿತು. ರೇಷ್ಮೆಗೆ ಹೆಸರಾದ ಲಿಯೋನಿನಲ್ಲಿ ಕಸೂತಿಯವರಿಗೇನು ಬರ? ಮದಾಂ ಲೆರೂದಿಯೆ ಎಂಬ ಕಸೂತಿ ಕಲಾವಿದೆಯಿಂದ ಅವರು ನವಿರಾದ ಸೂಜಿಕೆಲಸ ಕಲಿತರು. ನಾಳ ಮೆತ್ತಗಿನ ಕೊಳವೆ. ಈಚೆಯ ಗೋಡೆಗೆ ಹಾಕಿದ ಸೂಜಿ ಆಚೆಯ ಗೋಡೆಗೂ ಚುಚ್ಚಿ ದಾರಿಯೇ ಮುಚ್ಚಿಬಿಡುತ್ತದೆ. ಕ್ಯಾರೆಲ್ ಅಂಚಿಗೆ ಮೂರು ಕಡೆ ದಾರ ಹಾಕಿ ಎಳೆಸಿದರು. ದುಂಡು ಬಾಯಿ ತ್ರಿಕೋನವಾಯಿತು. ಆಮೇಲೆ ನೇರ ಅಂಚುಗಳನ್ನು ಹೊಲಿದರೆ ಸಾಕು. 1902ರಲ್ಲಿ ಪ್ರಕಟವಾದ ಈ ಬಗೆಯ ಕೆಲಸ ಅವರಿಗೆ 1912ರ ನೊಬೆಲ್ ತಂದಿತು.

ಹೊಲಿಗೆ ಬಂತು, ಅಂಗಾಂಗ ಕಸಿ ಮಾತ್ರ ಸುಲಭವಾಗಲಿಲ್ಲ. 1963ರ ಮಾರ್ಚ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜ್ಲ್ ಮೂರು ವರ್ಷದ ಮಗುವಿಗೆ ಮೊದಲ ಲಿವರ್ ಕಸಿ ಮಾಡಿದರು. ರಕ್ತ ನಿಲ್ಲದೆ ಮಗು ಮೇಜಿನ ಮೇಲೆಯೇ ಹೋಯಿತು. ಎರಡನೆಯ ರೋಗಿಗೆ ರಕ್ತ ಹೆಪ್ಪುಗಟ್ಟಿಸುವ ಔಷಧ ಕೊಟ್ಟರು. ಈ ಸಲ ರಕ್ತವನ್ನು ಬಳಸುದಾರಿಯಲ್ಲಿ ಹಾಯಿಸಲು ಹಾಕಿದ್ದ ಕೊಳವೆಯಲ್ಲೇ ಹೆಪ್ಪುಗಟ್ಟಿತು. ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ, ಇಪ್ಪತ್ತೆರಡನೆಯ ದಿನ ಅವರೂ ತೀರಿಕೊಂಡರು. ಹರಿದರೂ ಕಷ್ಟ, ನಿಂತರೂ ಕಷ್ಟ. ಲಿವರ್ ಕಸಿಯ ವೈದ್ಯರು ಇಂದಿಗೂ ನಡೆಯುವುದು ಈ ಎರಡರ ನಡುವಿನ ಬದುವಿನ ಮೇಲೆ.

ಲಿವರಿಗೆ ಎರಡು ಕಾಲುವೆಗಳಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಪೋರ್ಟಲ್ ನಾಳದ್ದು, ಉಳಿದದ್ದು ಕೆಲವೇ ಮಿಲಿಮೀಟರ್ ದಪ್ಪದ ಅಪಧಮನಿಯದು. ಆದರೆ ಪಿತ್ತನಾಳಗಳು ಬದುಕುವುದು ಈ ಸಣ್ಣ ಕಾಲುವೆಯಿಂದಲೇ. ಹುಟ್ಟಿನಿಂದ ಬಂದ ಲಿವರಿನಲ್ಲಿ ಅದು ಮುಚ್ಚಿದರೆ ಅಕ್ಕಪಕ್ಕದ ಕಿರುನಾಳಗಳು ಕೈಹಿಡಿಯುತ್ತವೆ. ಕಸಿ ಮಾಡಿದ ಲಿವರಿನಲ್ಲಿ ಅವೆಲ್ಲ ಕತ್ತರಿಸಿಹೋಗಿರುತ್ತವೆ. ಹಾಗಾಗಿ ಅಪಧಮನಿಯಲ್ಲಿ ಹೆಪ್ಪುಗಟ್ಟಿದರೆ ಪಿತ್ತನಾಳ ಸಾಯುತ್ತದೆ, ಕೀವಾಗುತ್ತದೆ, ಎಷ್ಟೋ ಸಲ ಮತ್ತೊಂದು ಲಿವರೇ ಬೇಕಾಗುತ್ತದೆ. ಮಕ್ಕಳ ನಾಳ ಇನ್ನೂ ಸಣ್ಣದು, ಭಯವೂ ಹೆಚ್ಚು.

ಬದುಕಿರುವವರ ಲಿವರಿನ ತುಂಡನ್ನೇ ಕಸಿ ಮಾಡತೊಡಗಿದಾಗ ನಾಳ ಮತ್ತಷ್ಟು ಗಿಡ್ಡವೂ ತೆಳುವೂ ಆಯಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಕ್ಯೋಟೊ ವೈದ್ಯರು ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಿಂದ ಅಪಧಮನಿ ಹೊಲಿಯತೊಡಗಿದರು. 1998ರಲ್ಲಿ ದೆಹಲಿಯಲ್ಲಿ ತಂದೆಯ ಲಿವರಿನ ಭಾಗ ಪಡೆದ ಕೂಸು ಬದುಕುಳಿಯಿತು. ನಮ್ಮ ದೇಶದಲ್ಲಿ ಇಂದಿಗೂ ಹೆಚ್ಚಿನ ಕಸಿ ಮನೆಯವರ ದಾನದಿಂದಲೇ ನಡೆಯುತ್ತದೆ.

ಹೊಲಿಗೆ ಮುಗಿದ ಮೇಲೆ ಕಾವಲು. ಐಸಿಯುನಲ್ಲಿ ಹೊಟ್ಟೆಯ ಮೇಲೆ ಡಾಪ್ಲರ್ ಎಂಬ ಉಪಕರಣ ಇಟ್ಟು, ರಕ್ತ ಹರಿಯುವ "ಹುಶ್... ಹುಶ್" ಸದ್ದಿಗೆ ಕಿವಿಗೊಡುತ್ತಾರೆ. ಸದ್ದು ಅಡಗಿದರೆ, ಹಲವು ಸಲ ಜ್ವರ ಬರುವುದಕ್ಕೂ ಮೊದಲೇ, ಅಪಾಯ ತಿಳಿಯುತ್ತದೆ. ಬೇಗ ಗೊತ್ತಾದರೆ ಹೆಪ್ಪು ತೆಗೆದು ನಾಳವನ್ನು ಮತ್ತೆ ಜೋಡಿಸಬಹುದು. ಆಗಲೂ ವೈದ್ಯರು ಕೈಗೆತ್ತಿಕೊಳ್ಳುವುದು ಸೂಜಿ ದಾರವನ್ನೇ.